ಏಕ್, ದೋನ್, ತೀನ್, ಚಾರ್

ನಮ್ಮ ಪಿಯಾನೋ ಟೀಚರರ ಬಲಗೈ ಹೆಬ್ಬೆರಳು ಪೂರ್ತಿ ಹಿಂದಕ್ಕೆ ಬಾಗುತ್ತಿತ್ತು. ನುಡಿಸಲು ಕೂರುವ ಮೊದಲು ಬಳೆ ತೆಗೆದಿಡುವರು. ಮಣಿಕಟ್ಟಿನಲ್ಲಿ ಬಿಳಿಯ ಗೆರೆಯೊಂದು ಉಳಿಯುವುದು. ಕಲ್ಯಾಣಪುರದ ಅವರ ಮನೆಯ ಪಡಸಾಲೆಯನ್ನೆಲ್ಲ ಆ ಗ್ರ್ಯಾಂಡ್ ಪಿಯಾನೋವೇ ನುಂಗಿತ್ತು. ಊಟದ ಮೇಜಿಗೆ ಜಾಗವಿಲ್ಲದೆ ಮನೆಯವರು ಅಡುಗೆಮನೆಯಲ್ಲೇ ಉಣ್ಣುತ್ತಿದ್ದರು. ಮಳೆಗಾಲದಲ್ಲಿ ತಂತಿಗೆ ತುಕ್ಕು ಹಿಡಿಯಬಾರದೆಂದು ಅದರಡಿ ಹಗಲೂ ಒಂದು ಬಲ್ಬು ಉರಿಯುತ್ತಿತ್ತು.

ನಾನು ಮಲ್ಪೆಯ ಮೀನುಗಾರರ ಮನೆಯವನು, ಮನೆಮಾತು ತುಳು. ಕೊಂಕಣಿ ನನಗೆ ನಾಲ್ಕರವರೆಗೆ ಮಾತ್ರ ಬರುತ್ತದೆ, ಅದೂ ಟೀಚರರ ದಯೆಯಿಂದ. ನಾವು ನುಡಿಸಿದರೂ, ಅವರೇ ನುಡಿಸಿದರೂ ಅವರ ಬಾಯಿ ‘ಏಕ್, ದೋನ್, ತೀನ್, ಚಾರ್’ ಎನ್ನುತ್ತಲೇ ಇರಬೇಕು. ಇಗರ್ಜಿಯಲ್ಲಿ ಆರ್ಗನ್ ನುಡಿಸುವಾಗಲೂ ಆ ಎಣಿಕೆ ಮುಂದಿನ ಸಾಲಿಗೆ ಕೇಳುತ್ತಿತ್ತು. “ದೇವರಿಗೆ ಲೆಕ್ಕ ಗೊತ್ತುಂಟು ಟೀಚರ್” ಎಂದು ಪಾದ್ರಿಗಳು ತಮಾಷೆ ಮಾಡಿದರೆ, “ಹಾಡುವವರಿಗೆ ಗೊತ್ತಿಲ್ಲ ಫಾದರ್” ಎನ್ನುವರು.

ಅಂಥವರಿಗೆ ಗಂಟಲಿನ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತಿಲ್ಲ ಎಂದರು ಡಾಕ್ಟರು. ಮಣಿಪಾಲದಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. ಟೀಚರ್ ಫೋನ್ ಮಾಡಿದರು: “ಪುತಾ, ಆಪರೇಷನ್ನಿಗೆ ಮೊದಲು ಮೈಕ್ ತಕೊಂಡು ಬಾ. ಮಕ್ಕಳ ಪಾಠ ಎಲ್ಲ ನುಡಿಸಿ ಇಡ್ಲಿಕ್ಕುಂಟು.”

ಹೋದೆ. ಮೈಕನ್ನು ಮೊದಲು ತಂತಿಗೆ ಬಡಿಯುವ ಸುತ್ತಿಗೆಗಳ ಹತ್ತಿರ ಇಟ್ಟೆ. ಸ್ವರ ಕರ್ಕಶವಾಯಿತು, ಅವರ ಎಣಿಕೆಯೂ ನುಗ್ಗಿತು. ಮುಚ್ಚಳ ಎತ್ತಿ ನಿಲ್ಲಿಸಿ, ಪಿಯಾನೋದ ಬಾಗಿದ ಮಗ್ಗುಲಿಗೆ ಬಂದು, ಮಂಡಿಯೂರಿ ಬೆರಳಗಲ ಬೆರಳಗಲ ಸರಿಸಿದೆ. ಕೊನೆಗೆ ಒಂದು ಜಾಗ ಸಿಕ್ಕಿತು. ತಂತಿಗಳ ನಾದ ತುಂಬಿ ಬರುತ್ತಿತ್ತು, ಎಣಿಕೆ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಜಂಬದಿಂದಲೇ ಹೆಡ್‌ಫೋನನ್ನು ಅವರ ತಲೆಗೆ ಹಾಕಿದೆ.

ಕಣ್ಣುಮುಚ್ಚಿ ಕೇಳಿದರು. “ಚಂದ ಉಂಟು. ನಾನೆಲ್ಲಿ?”

“ನುಡಿಸಿದ್ದು ನೀವೇ ಅಲ್ವಾ ಟೀಚರ್?”

“ನುಡಿಸ್ಲಿಕ್ಕೆ ನನ್ನ ಕೈಗೆ ಎಂತ ಆಗಿದೆ ಮಾರಾಯ? ಹೋಗುವುದು ಗಂಟಲು. ಎಣಿಸುವವರಿಲ್ಲದೆ ಮಕ್ಕಳು ಕಲಿಯುವುದು ಹೇಗೆ?”

ಆಕೆಗೆ ಬೇಕಾದ್ದು ನೆನಪಿನ ಕಾಣಿಕೆಯಲ್ಲ, ಮರುದಿನದ ಪಾಠ. ಬೆಂಚಿನ ಎಡತುದಿಯನ್ನು, ಅವರು ನುಡಿಸಿ ತೋರಿಸುವಾಗ ಮಕ್ಕಳು ಕೂರುವ ಜಾಗವನ್ನು, ಕೈಯಿಂದ ತಟ್ಟಿದರು. “ಇಲ್ಲಿಡು. ಮಗುವಿನ ಕಿವಿಯಷ್ಟು ಎತ್ತರಕ್ಕೆ.” ಮಧ್ಯಾಹ್ನವೆಲ್ಲ ನುಡಿಸಿದರು, ಎಣಿಸಿದರು. ದನಿ ಒಡೆದಾಗ ಬಿಸಿನೀರು ಕುಡಿದು ಮತ್ತೆ ಎಣಿಸಿದರು. ನಾನು ಮುಖ ತಿರುಗಿಸಿ ಕೂತಿದ್ದೆ, ಕಣ್ಣೀರು ತಡೆಯಲಾಗಲಿಲ್ಲ.

ಆಪರೇಷನ್ ಆಗಿ ಪಾಠ ಶುರುವಾದ ದಿನ ಸ್ಪೀಕರ್ ಜೋಡಿಸಲು ನಾನೇ ಹೋದೆ. ಪುಟ್ಟ ಹುಡುಗಿಯೊಬ್ಬಳು ಕೂತಳು. ಟೀಚರ್ ಗುಂಡಿ ಒತ್ತಿದರು. ಅವರದೇ ಧ್ವನಿ ಪಡಸಾಲೆಯಲ್ಲಿ ಎಣಿಸತೊಡಗಿತು. ನಾಲ್ಕನೆಯ ಸಾಲಿನಲ್ಲಿ ಹುಡುಗಿಯ ಬೆರಳು ತಪ್ಪಿತು. ಎಣಿಕೆ ಮುಂದೆ ಹೋಯಿತು. ಅವಳು ಅದರ ಹಿಂದೆ ಓಡಿದಳು, ಮತ್ತೆ ತಪ್ಪಿದಳು, ಕೈಗಳನ್ನು ಮಡಿಲಲ್ಲಿಟ್ಟು ಅಳಲು ಶುರುಮಾಡಿದಳು. ಸ್ಪೀಕರ್ ಮಾತ್ರ ಏಕ್, ದೋನ್ ಎನ್ನುತ್ತಲೇ ಇತ್ತು.

ಇಷ್ಟು ವರ್ಷ ನಾನು ಗಮನಿಸದೇ ಇದ್ದದ್ದು ಆಗ ತಿಳಿಯಿತು. ನಾವು ತಪ್ಪಿದಾಗ ಟೀಚರ್ ಗದರಿಸಿದ್ದೇ ಇಲ್ಲ. ‘ತೀನ್’ ಎಂದವರು ‘ಚಾರ್’ ಅನ್ನು ಬಾಯಲ್ಲೇ ಹಿಡಿದಿಟ್ಟುಕೊಳ್ಳುತ್ತಿದ್ದರು. ನಮ್ಮ ಬೆರಳು ಸರಿಯಾದ ಜಾಗಕ್ಕೆ ಬಂದ ಮೇಲೆಯೇ ಅದು ಹೊರಬೀಳುತ್ತಿತ್ತು. ತಾಳ ತಪ್ಪಿದ್ದೇ ನಮಗೆ ಗೊತ್ತಾಗುತ್ತಿರಲಿಲ್ಲ.

ಟೀಚರ್ ಸ್ಪೀಕರನ್ನು ಆರಿಸಿದರು. ನನ್ನತ್ತ ನೋಡಿ, ಪರವಾಗಿಲ್ಲ ಎಂಬಂತೆ ಕೈಯಾಡಿಸಿದರು. ಹುಡುಗಿಯ ಕಣ್ಣೊರೆಸಿ, ಹೆಗಲ ಮೇಲೆ ಎರಡು ಬೆರಳಿಟ್ಟು ತಟ್ಟತೊಡಗಿದರು. ಅವಳು ಎಡವಿದಲ್ಲಿ ಟೀಚರರ ಬೆರಳುಗಳು ತಟ್ಟದೆ ಮೇಲೆಯೇ ನಿಂತವು. ಕಾಯಿಲೆ ಮರಳಿ ಬಂದು ಅವರನ್ನು ಮಲಗಿಸುವವರೆಗೂ ಹಾಗೆಯೇ ಕಲಿಸಿದರು.

ಕಳೆದ ವರ್ಷ ತೀರಿಕೊಂಡರು. ಆ ರೆಕಾರ್ಡಿಂಗ್ ನನ್ನ ಹತ್ತಿರವೇ ಇದೆ. ಕಸುಬಿನವನಾಗಿ ಹೇಳುತ್ತೇನೆ, ಅದರಲ್ಲಿ ಒಂದೂ ದೋಷವಿಲ್ಲ. ಅದು ಯಾರಿಗೂ ಕಾಯುವುದಿಲ್ಲ, ಅಷ್ಟೆ. ನನಗಾಗಿ ಕಾದವರು ಹೋದರು.