ಕರೆದರೆ ಬಂದೇಬಿಟ್ಟರು

ಹಾತ್‌ಖಾಮ್‌ನಲ್ಲಿ ಊಟದ ಹೊತ್ತಿಗೆ ಯಾರ ಮನೆ ಮುಂದೆ ಹಾದುಹೋದರೂ ಒಂದು ಕೂಗು ಬರುತ್ತದೆ: "ಬನ್ನಿ, ಅನ್ನ ಉಣ್ಣಿ!" ಹಾದುಹೋಗುವವರು ನಡಿಗೆಯನ್ನು ಒಂದಿಷ್ಟೂ ನಿಧಾನ ಮಾಡದೆ, "ನೀವು ಉಣ್ಣಿ, ನಂದು ಹೊಟ್ಟೆ ತುಂಬಿದೆ" ಎನ್ನಬೇಕು. ಹೊಟ್ಟೆ ಬೆನ್ನಿಗೆ ಅಂಟಿಕೊಂಡಿದ್ದರೂ ಸರಿಯೇ. ಕರೆಯದವಳು ಜಿಪುಣಿ. ಕರೆದಾಕ್ಷಣ ಬಂದು ಕೂರುವವನು ಮಾನಗೆಟ್ಟವನು. ನಿಜವಾಗಿ ಉಣ್ಣಿಸಬೇಕೆಂದಿದ್ದರೆ ಮನೆಯವರೇ ಎದ್ದು ಬಂದು ಕೈ ಹಿಡಿದು ಎಳೆಯುತ್ತಾರೆ. ಆಗ ಮಾತು ಬೇರೆ. ಲಾವೋ ನಾಡಿನ ನಾಮ್ ಊ ನದಿಯ ದಂಡೆಯ ಆ ಊರು ಈ ಒಪ್ಪಂದದ ಮೇಲೆ ಅಜ್ಜಂದಿರ ಕಾಲದಿಂದ ನೆಮ್ಮದಿಯಾಗಿ ಬದುಕಿತ್ತು.

ಕರೆಯುವುದರಲ್ಲಿ ಬುವಾಲೈಯನ್ನು ಮೀರಿಸಿದವರಿಲ್ಲ. ದೋಣಿಗಟ್ಟೆಯಿಂದ ಜಲಪಾತಕ್ಕೆ ಹೋಗುವ ಕಾಲುದಾರಿ ಅವಳ ಜಗಲಿಯನ್ನು ಸವರಿಕೊಂಡೇ ಹೋಗುತ್ತದೆ. ಮಧ್ಯಾಹ್ನವಾದರೆ ಬೆತ್ತದ ದುಂಡು ಮೇಜನ್ನು ಅಲ್ಲಿಟ್ಟು, ಅಂಟು ಅನ್ನದ ಬಿದಿರುಬುಟ್ಟಿಯನ್ನು ಮಗ್ಗುಲಲ್ಲಿಟ್ಟುಕೊಂಡು, ಕಾಲು ಒಂದು ಕಡೆ ಮಡಿಸಿ ಕೂರುತ್ತಿದ್ದಳು. ಎಮ್ಮೆಯನ್ನು ಹೊಡೆದುಕೊಂಡು ಹೋಗುವವನನ್ನು ಕರೆಯುತ್ತಿದ್ದಳು. ಮನಸ್ಸು ಚೆನ್ನಾಗಿದ್ದ ದಿನ ಎಮ್ಮೆಯನ್ನೂ ಕರೆಯುತ್ತಿದ್ದಳು.

ಅರುವತ್ತು ದಾಟಿದರೂ ಅವಳಿಗೆ ಮದುವೆಯಾಗಿರಲಿಲ್ಲ. ಬಾಯಿಯೇ ಕಾರಣ ಎಂದು ಊರವರು ಹೇಳುತ್ತಿದ್ದರು, ನನಗೂ ಹಾಗೇ ಅನ್ನಿಸುತ್ತದೆ. ಪ್ರಾಯದಲ್ಲಿ ಪಾನ್ ಎಂಬ ಹುಡುಗ ದಿನಾ ಸಂಜೆ ಅವಳ ಮನೆಯ ಸುತ್ತ ಸುಳಿದಾಡುತ್ತಿದ್ದ. ಒಂದು ಸಂಜೆ ಅವಳು ನಾಲ್ಕು ಜನರ ಮುಂದೆ, "ಇವನ ಎರಡು ಕಿವಿ ಹಿಡಿದು ಎತ್ತಿದ್ರೆ ಅನ್ನದ ಬುಟ್ಟಿ ಎತ್ತಿದ ಹಾಗೇ ಇರುತ್ತೆ" ಎಂದುಬಿಟ್ಟಳು. ಮುಂದಿನ ವಾರವೇ ಪಾನ್ ತಲೆ ಬೋಳಿಸಿಕೊಂಡು ಬೌದ್ಧ ವಿಹಾರ ಸೇರಿದ. ಬೋಳು ತಲೆಯಲ್ಲಿ ಕಿವಿಗಳು ಇನ್ನೂ ದೊಡ್ಡದಾಗಿ ಕಂಡವು, ಪಾಪ. ಆಮೇಲೆ ಕಾವಿ ಬಿಟ್ಟು ಬಂದು, ಹಾಗೆ ಬಂದವರನ್ನು ಕರೆಯುವಂತೆ ಥಿತ್ ಪಾನ್ ಎನಿಸಿಕೊಂಡು, ಬೇರೆ ಹುಡುಗಿಯನ್ನು ಮದುವೆಯಾಗಿ, ಈಗ ಊರ ಮುಖಂಡನಾಗಿದ್ದ. ದಿನಾ ಅವಳ ಜಗಲಿಯ ಮುಂದೆ ಹೋಗುತ್ತಿದ್ದ. ದಿನಾ ಅವಳು ಕರೆಯುತ್ತಿದ್ದಳು. ದಿನಾ ಅವನ ಹೊಟ್ಟೆ ತುಂಬಿರುತ್ತಿತ್ತು.

ಹೀಗಾಗಿ ಬುವಾಲೈಯ ಅಡುಗೆ ಹೇಗಿರುತ್ತದೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ. ಒಬ್ಬಳೇ ಉಣ್ಣುವುದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ, ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಬೇಲಿಯಾಚೆ ತಮ್ಮನ ಮನೆ. ತಮ್ಮ ಸೋಮ್‌ವಾಂಗ್ ಬೆಳಗಾದರೆ ದೋಣಿಯೊಂದಿಗೆ ನದಿಯ ಮೇಲೆ, ಊಟವೂ ಅಲ್ಲೇ. ಅವನ ಹೆಂಡತಿ ವಿಯೆಂಗ್ ಮನೆಯ ಮುಂಭಾಗದಲ್ಲಿ ಹೋಟೆಲು ಇಟ್ಟಿದ್ದಳು. 'ಇಲ್ಲಿ ಸಾಂಪ್ರದಾಯಿಕ ಲಾವೋ ಊಟ ಸಿಗುತ್ತದೆ' ಎಂದು ಎರಡು ಭಾಷೆಯಲ್ಲಿ ದೊಡ್ಡ ಬೋರ್ಡು. ಮೊದಲ ವರ್ಷ ಪಾಪ, ಹಾಗೇ ಮಾಡಿ ಬಡಿಸಿದ್ದಳು. ಫಲಾಂಗರು, ಅಂದರೆ ಬಿಳಿಯರು, ಮೂಸಿ ನೋಡಿ ತಟ್ಟೆ ಪಕ್ಕಕ್ಕೆ ಸರಿಸಿದರು. ವಿಯೆಂಗ್ ಅತ್ತು, ಮೂಗೊರೆಸಿಕೊಂಡು, ಆಲೂಗಡ್ಡೆ ಕರಿಯುವುದನ್ನೂ ಬಾಳೆಹಣ್ಣಿನ ದೋಸೆ ಹಾಕುವುದನ್ನೂ ಕಲಿತಳು. ಬೋರ್ಡನ್ನು ಮಾತ್ರ ಬದಲಿಸಲಿಲ್ಲ.

ಒಣಹವೆಯ ಒಂದು ಮಧ್ಯಾಹ್ನ ದಾರಿಯಲ್ಲಿ ಇಬ್ಬರು ಫಲಾಂಗರು ಬಂದರು. ಹಳದಿ ಗಡ್ಡದ ಗಂಡ, ಕೆಂಪು ಟೋಪಿಯ ಹೆಂಡತಿ. ಬುವಾಲೈಯ ಬಾಯಿ ರೂಢಿಯಂತೆ ತೆರೆಯಿತು, ಕೈಯೂ ರೂಢಿಯಂತೆ ಬೀಸಿತು.

"ಬನ್ನಿ, ಅನ್ನ ಉಣ್ಣಿ!"

ಅವರು ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬೂಟು ಬಿಚ್ಚಿಟ್ಟು, ಮೆಟ್ಟಿಲು ಹತ್ತಿ, ಬಂದು ಕುಳಿತೇಬಿಟ್ಟರು.

ಬುವಾಲೈಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಅವಳ ಕರೆಗೆ ಇಂಥ ಉತ್ತರ ಬಂದಿರಲಿಲ್ಲ. ಎದ್ದು ಹೋಗಿ ಎನ್ನುವ ಮಾತು ಅವಳಿಗೆ ಗೊತ್ತಿರಲಿಲ್ಲ. ಬುಟ್ಟಿಯನ್ನು ಅವರತ್ತ ತಳ್ಳಿದಳು. ಸುಟ್ಟ ಬದನೆಯ ಚಟ್ನಿ, ಎಳ್ಳು ಹಾಕಿ ಒಣಗಿಸಿದ ನದಿಪಾಚಿಯ ಹಪ್ಪಳ, ಬಟ್ಟಲ ತುಂಬ ಓ ಲಾಮ್. ಎಮ್ಮೆಯ ಒಣಚರ್ಮ, ಬದನೆ, ಸಬ್ಬಸಿಗೆ ಸೊಪ್ಪು ಎಲ್ಲ ಬೆಂದು ಗಟ್ಟಿಯಾದ ಆ ಸಾರಿಗೆ ಕಾಡಿನ ಖಾರದ ಕಟ್ಟಿಗೆಯ ಚೂರು ಬೀಳದಿದ್ದರೆ ಅದು ಓ ಲಾಮೇ ಅಲ್ಲ. ಚೂರನ್ನು ಅಗಿದು, ನಾಲಿಗೆ ಜುಮ್ಮೆಂದ ಮೇಲೆ ಉಗಿಯಬೇಕು.

ಗಡ್ಡದವನಿಗೆ ಮೊದಲ ತುತ್ತಿನಲ್ಲೇ ಕಟ್ಟಿಗೆ ಸಿಕ್ಕಿತು. ಅಗಿದ. ಮರ್ಯಾದಸ್ಥ, ಉಗಿಯಲಿಲ್ಲ, ಮತ್ತೂ ಅಗಿದ. ದವಡೆ ಎಮ್ಮೆಯದರಂತೆ ತಿರುಗತೊಡಗಿತು. ಬುವಾಲೈ ತನ್ನ ಊಟ ಮರೆತು ನೋಡುತ್ತ ಕುಳಿತಳು. ನುಂಗುತ್ತಾನೋ ಇಲ್ಲವೋ ಎಂಬ ಕುತೂಹಲ ಅವಳಿಗೆ. ಕಣ್ಣಲ್ಲಿ ನೀರು ಬಂದು, ಕುತ್ತಿಗೆಯ ನರ ಉಬ್ಬಿದಾಗ, ಇನ್ನು ಸತ್ತಾನೆಂದು ತಾನೊಂದು ಚೂರು ಬಾಯಿಗೆ ಹಾಕಿ, ಅಗಿದು, ಜಗಲಿಯಾಚೆ ಥೂ ಎಂದು ಉಗಿದು ತೋರಿಸಿದಳು. ಅವನೂ ಉಗಿದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೊರಡುವಾಗ ಅವರು ದುಡ್ಡು ಚಾಚಿದರು. ಬುವಾಲೈ ಕೆರಳಿದಳು. ಉಂಡ ಮನೆಯಲ್ಲಿ ದುಡ್ಡು ಕೊಡುವುದೆಂದರೇನು? ಕೊನೆಗೆ ಗಡ್ಡದವನು ಅವಳದೊಂದು ಫೋಟೊ ತೆಗೆದುಕೊಂಡು ಹೋದ.

ಆ ಫೋಟೊ ಎಲ್ಲೆಲ್ಲಿ ತಿರುಗಿತೋ! ಹುಣ್ಣಿಮೆ ಕಳೆಯುವುದರೊಳಗೆ ಫಲಾಂಗರು ಮೊಬೈಲು ಹಿಡಿದುಕೊಂಡು, ಮೊಬೈಲನ್ನೊಮ್ಮೆ ಬುವಾಲೈಯನ್ನೊಮ್ಮೆ ನೋಡುತ್ತ ಜಗಲಿಯ ಮುಂದೆ ನಿಲ್ಲತೊಡಗಿದರು. ಫೋಟೊದಲ್ಲಿ ಅವಳ ಎರಡೂ ಕೆನ್ನೆ ಅನ್ನದಿಂದ ಉಬ್ಬಿದ್ದವು. ಬಂದವರ ಬಗ್ಗೆ ಅವಳಿಗೆ ದೂರಿರಲಿಲ್ಲ, ಫೋಟೊದ ಬಗ್ಗೆ ಇತ್ತು.

"ಪೆಟ್ಟಿಗೇಲಿ ಹಬ್ಬಕ್ಕೆ ಉಡೋ ರೇಷ್ಮೆ ಲುಂಗಿ ಕೊಳೀತಾ ಬಿದ್ದಿದೆ. ಇವನಿಗೆ ನನ್ನ ಕೆನ್ನೆನೇ ಬೇಕಾಯ್ತಾ!"

ದುಡ್ಡು ಮುಟ್ಟಲಿಲ್ಲ. ಬದಲಿಗೆ ಕೆಲಸ ಹಚ್ಚಿದಳು. ಮೆಣಸಿನಕಾಯಿ ಕುಟ್ಟಲು ಒಬ್ಬ, ಸೌದೆ ತರಲು ಇನ್ನೊಬ್ಬ, ನದಿಯಿಂದ ನೀರು ತರಲು ಮತ್ತೊಬ್ಬಳು. ಸಮುದ್ರ ದಾಟಿ ಬಂದ ಆ ಜನ ಅವಳ ಕೋಳಿಗೂಡು ಗುಡಿಸಿ, ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡು, ಅವಳಿಗೇ ಕೈಮುಗಿದು ಹೋಗುತ್ತಿದ್ದರು. ಬುವಾಲೈ ಕಾಲು ಚಾಚಿಕೊಂಡು, "ಆ ಮೂಲೇಲಿ ಇನ್ನೂ ಇದೆ" ಎಂದು ಬೆರಳು ತೋರಿಸುತ್ತಿದ್ದಳು.

ವಿಯೆಂಗಳ ಹೋಟೆಲಿನಲ್ಲಿ ಕುರ್ಚಿಗಳು ಖಾಲಿ ಬಿದ್ದವು. ಒಂದು ದಿನ ಅವಳು ಜರಡಿಸೌಟನ್ನು ಕೈಯಲ್ಲಿ ಹಿಡಿದೇ ಬೇಲಿಯ ಹತ್ತಿರ ಬಂದಳು.

"ಅಕ್ಕ, ನನ್ನ ಗಿರಾಕಿಗಳ ಕೈಲಿ ನಿಮ್ಮ ಕೋಳಿಗೂಡು ಗುಡಿಸಿಸ್ತಿದೀರಲ್ಲ, ಸರೀನಾ?"

"ನಾನೇನು ಗುಡಿಸಿ ಅಂದ್ನಾ? ಪೊರಕೆ ತೋರಿಸ್ದೆ ಅಷ್ಟೆ."

"ನೀವು ಕರೀತೀರ, ಅದಕ್ಕೆ ಬರ್ತಾರೆ."

"ಊಟದ ಹೊತ್ತಲ್ಲಿ ಮನುಷ್ಯರು ಕಂಡ್ರೆ ಕರೀದೆ ಇರೋಕಾಗತ್ತಾ? ನೀನೂ ಕರಿ."

"ನಂದು ಹೋಟ್ಲು. ನಾನು ಕರೆದ್ರೆ ಅದು ವ್ಯಾಪಾರ." ವಿಯೆಂಗ್ ಸೌಟನ್ನು ಬೇಲಿಗೆ ಕುಟ್ಟಿದಳು. "ನೀವು ಬಾಯಿ ಮುಚ್ಚದೆ ಇದ್ರೆ ನಾನು ಬಾಗ್ಲು ಮುಚ್ತೀನಿ. ಹೊಸ ವರ್ಷದ ಹಬ್ಬಕ್ಕೆ ಮೊದ್ಲೇ ಉದೋಮ್‌ಸೈಗೆ, ನಮ್ಮಮ್ಮನ ಮನೆಗೆ. ಇವರ ದೋಣಿ ಮಾರಿ ಇವರನ್ನೂ ಕರ್ಕೊಂಡು ಹೋಗ್ತೀನಿ."

"ಹೋಗು ಹೋಗು, ಎಣ್ಣೆ ವಾಸನೆ ಆದ್ರೂ ತಪ್ಪುತ್ತೆ" ಎಂದಳು ಬುವಾಲೈ. ಅಂದ ಮೇಲೆ ಅದು ಕಣ್ಣ ಮುಂದೆ ಬಂತು. ಬೇಲಿಯಾಚೆ ದೀಪವಿಲ್ಲದ ಮನೆ, ತಮ್ಮನ ಕೆಮ್ಮಿಲ್ಲದ ಬೆಳಗು. ಬಾಯಿ ಒಂದು ಸಲ ಒಬ್ಬ ಗಂಡನ್ನು ವಿಹಾರಕ್ಕೆ ಕಳಿಸಿತ್ತು. ಈಗ ಇಡೀ ಸಂಸಾರವನ್ನು ಉದೋಮ್‌ಸೈಗೆ ಕಳಿಸಲು ಹೊರಟಿತ್ತು.

ಮಾರನೆಯ ದಿನ ಅವಳು ಯಾರನ್ನೂ ಕರೆಯಬಾರದೆಂದು ಒಳಗೆ ಬಾಗಿಲು ಹಾಕಿಕೊಂಡು ಉಂಡಳು. ಸಂಜೆಯೊಳಗೆ ಊರೆಲ್ಲ ಗುಸುಗುಸು. ಬುವಾಲೈ ಬಾಗಿಲು ಹಾಕಿಕೊಂಡು ಉಣ್ಣುತ್ತಾಳೆಂದರೆ ಅಂಥದ್ದೇನು ಉಣ್ಣುತ್ತಿರಬೇಕು? ಹೆಬ್ಬಾವು ಸಿಕ್ಕಿದೆಯಂತೆ, ಒಬ್ಬಳೇ ಮುಗಿಸುತ್ತಿದ್ದಾಳಂತೆ ಎಂದರು. ಮರುದಿನ ಇಬ್ಬರು ಹೆಂಗಸರು ಬೆಂಕಿ ಕೇಳುವ ನೆಪದಲ್ಲಿ ಬಂದು ಪಾತ್ರೆಯಲ್ಲಿ ಇಣುಕಿ ಹೋದರು. ಜಿಪುಣಿ ಎನ್ನಿಸಿಕೊಳ್ಳುವುದನ್ನು ಬುವಾಲೈ ತಡೆಯಲಾರದೆ ಹೋದಳು. ಮೇಜು ಮತ್ತೆ ಜಗಲಿಗೆ ಬಂತು. ವಿಯೆಂಗ್ ನೇರವಾಗಿ ಥಿತ್ ಪಾನನ ಮನೆಗೆ ಹೋದಳು.

ಊರ ಮುಖಂಡ ವಿಚಾರಣೆಗೆ ಸರಿಯಾಗಿ ಮಧ್ಯಾಹ್ನದ ಹೊತ್ತಿಗೇ ಬಂದ. ಹಿಂದೆ ವಿಯೆಂಗ್, ಸೆರಗಿಲ್ಲದ ಊರಾದ್ದರಿಂದ ಅಂಗಿಯ ತೋಳಿನಲ್ಲೇ ಬೆವರು ಒರೆಸಿಕೊಳ್ಳುತ್ತ.

"ಬನ್ನಿ, ಅನ್ನ ಉಣ್ಣಿ" ಎಂದಳು ಬುವಾಲೈ.

"ನೀನು ಉಣ್ಣು, ನಂದು ಹೊಟ್ಟೆ..." ಎಂದ ಥಿತ್ ಪಾನ್, ಅಷ್ಟಕ್ಕೇ ತಡೆದ. ಬಟ್ಟಲಿನಿಂದ ಆವಿ ಏಳುತ್ತಿತ್ತು. "ಹಂಗಲ್ಲ. ನಾನೀಗ ವಿಚಾರಣೆಗೆ ಬಂದಿದೀನಿ. ಇದು ಮನೆಯೋ ಹೋಟ್ಲೋ ಅಂತ ತೀರ್ಮಾನ ಆಗ್ಬೇಕು. ರುಚಿ ನೋಡದೆ ಹೇಳೋಕಾಗಲ್ಲ."

ಕುಳಿತ. ಅನ್ನದ ಉಂಡೆ ಕಟ್ಟಿ, ಅದ್ದಿ, ಬಾಯಿಗಿಟ್ಟ. ಕಣ್ಣು ಮುಚ್ಚಿದ. ಇನ್ನೊಂದು ಉಂಡೆ ಕಟ್ಟಿದ.

"ಏನಂತೀರಿ ಮಾವ?" ಎಂದಳು ವಿಯೆಂಗ್.

"ಇನ್ನೂ ಸ್ಪಷ್ಟ ಆಗಿಲ್ಲಮ್ಮ."

ಬುಟ್ಟಿಯ ತಳ ಕಾಣುವವರೆಗೂ ಸ್ಪಷ್ಟವಾಗಲಿಲ್ಲ.

"ಕಿವಿ ಅಲ್ಲಾಡ್ತಾ ಇದೆ, ನಾಲಿಗೆ ಮಾತ್ರ ಹೊರಳ್ತಿಲ್ಲ" ಎಂದಳು ಬುವಾಲೈ. "ಹೇಳೋ ಮಾರಾಯ."

ಥಿತ್ ಪಾನ್ ನೀರು ಕುಡಿದು, ಗಂಟಲು ಸರಿಮಾಡಿಕೊಂಡ. "ನೋಡ್ರಮ್ಮ, ಇಕ್ಕುವವರು ನಿಂತಿದ್ದು ಉಣ್ಣುವವರು ಕೂತಿದ್ರೆ ಅದು ಹೋಟ್ಲು. ಇಬ್ರೂ ಕೂತು ಒಂದೇ ಬುಟ್ಟಿಗೆ ಕೈ ಹಾಕಿದ್ರೆ ಅದು ಮನೆ. ಬುವಾಲೈದು ಮನೆ. ಮನೇಲಿ ಕರೀಬೇಡ ಅಂತ ಹೇಳೋಕೆ ನನಗೆ ಅಧಿಕಾರ ಇಲ್ಲ." ಆಮೇಲೆ ತುಸು ತಗ್ಗಿದ ದನಿಯಲ್ಲಿ, "ಇಷ್ಟು ವರ್ಷ ಹೊಟ್ಟೆ ತುಂಬಿದೆ ಅಂದದ್ದು ದಡ್ಡತನ ಆಯ್ತು" ಎಂದ.

ಗೆದ್ದ ಬುವಾಲೈ ಬೀಗುತ್ತ ವಿಯೆಂಗಳತ್ತ ತಿರುಗಿದಳು. ವಿಯೆಂಗ್ ಜಗಳವಾಡಲಿಲ್ಲ.

"ಹಂಗಾದ್ರೆ ನಾನು ಈ ಊರಿಗೆ ಸೊಸೆಯಾಗಿ ಬಂದಾಗಿಂದ ಹೋಟ್ಲಲ್ಲೇ ಇದೀನಿ ಮಾವ" ಎಂದಳು. "ಅವರು ದೋಣೀಲಿ ಉಣ್ತಾರೆ. ನಾನು ಬಾಣಲೆ ಮುಂದೆ ನಿಂತ್ಕೊಂಡು ಉಣ್ತೀನಿ. ಅಕ್ಕ ದಿನಾ ಬೇಲಿ ಮೇಲಿಂದ ಕರೆದ್ರು, ದಿನಾ ಹೊಟ್ಟೆ ತುಂಬಿದೆ ಅಂದೆ. ಹಸಿವಾಗ್ತಿತ್ತು. ಒಂದು ದಿನಾನಾದ್ರೂ ಎದ್ದು ಬಂದು ಕೈ ಹಿಡೀತಾರೇನೋ ಅಂತ ನೋಡ್ತಿದ್ದೆ."

ಹೇಳಿ ಹೊರಟುಹೋದಳು. ಬುವಾಲೈ ಖಾಲಿ ಬುಟ್ಟಿಯ ಮುಚ್ಚಳ ಮುಚ್ಚಿದಳು. ಯಾರೂ ಬರಲಿಲ್ಲವೆಂದು ತಾನು ಒಳಗೊಳಗೇ ಕೊರಗಿದ್ದಳು. ಬೇಲಿಯಾಚೆ ಒಬ್ಬಳು ಹಸಿದು ಕಾಯುತ್ತಿದ್ದುದು ಕಣ್ಣಿಗೆ ಬಿದ್ದಿರಲಿಲ್ಲ. ಅವಳಿಗೆ ತುಂಬಾ ನಾಚಿಕೆಯಾಯಿತು. ಥಿತ್ ಪಾನ್ ಸದ್ದಿಲ್ಲದೆ ಎದ್ದುಹೋದ.

ಮರುದಿನ ಮಧ್ಯಾಹ್ನ ವಿಯೆಂಗ್ ಬೋರ್ಡನ್ನು ಕಳಚಿ ಸ್ಟೂಲಿನ ಮೇಲೆ ಮಲಗಿಸಿ, ಗಂಟು ಕಟ್ಟಲು ಹಗ್ಗ ಹುಡುಕುತ್ತಿದ್ದಳು. ಬೇಲಿ ಕಿರ್ರೆಂದಿತು. ನೋಡಿದರೆ ಬುವಾಲೈ. ಪೆಟ್ಟಿಗೆಯ ರೇಷ್ಮೆ ಲುಂಗಿ ಉಟ್ಟು, ಅದನ್ನೇ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಒಂದು ಕೈಯಲ್ಲಿ ಬುಟ್ಟಿ ಒಂದು ಕೈಯಲ್ಲಿ ಬಟ್ಟಲು ಹಿಡಿದು ಬೇಲಿ ದಾಟುತ್ತಿದ್ದಳು. ಹತ್ತು ಹೆಜ್ಜೆ ಆಚೆ ಬಾಗಿಲಿದೆ ಎಂದು ಅವಳಿಗೆ ಯಾರು ಹೇಳಬೇಕು? ನೇರ ಬಂದವಳೇ ಬುಟ್ಟಿಯನ್ನೂ ಬಟ್ಟಲನ್ನೂ ಬೋರ್ಡಿನ ಮೇಲೆಯೇ ಇಟ್ಟಳು. ಆ ಬೋರ್ಡು ಎಷ್ಟೋ ವರ್ಷಗಳ ಮೇಲೆ ಮತ್ತೆ ನಿಜ ಹೇಳಿತು.

"ಬಾ, ಅನ್ನ ಉಣ್ಣು."

ವಿಯೆಂಗಳ ಬಾಯಿಗೂ ರೂಢಿಯೇ ಬಂತು. "ನೀವು ಉಣ್ಣಿ ಅಕ್ಕ, ನಂದು ಹೊಟ್ಟೆ..."

ಬುವಾಲೈ ಅವಳ ಮಣಿಕಟ್ಟು ಹಿಡಿದು ಎಳೆದು ಕೂರಿಸಿದಳು. ಸೌದೆ ಹೊತ್ತ ಕೈ, ಉಡದ ಹಿಡಿತ. "ಸುಳ್ಳಿ" ಎಂದಳು. "ಎಣ್ಣೆ ವಾಸನೆ ಇಲ್ದೆ ನನಗೆ ನಿದ್ದೆ ಬರಲ್ಲ. ಉದೋಮ್‌ಸೈಗೆ ಹೋದ್ರೆ ಅಲ್ಲೂ ಬಂದು ಕರೀತೀನಿ, ನಿಮ್ಮಮ್ಮನ ಮುಂದೆ ಮಾನ ಹೋಗುತ್ತೆ, ನೋಡು."

ವಿಯೆಂಗ್ ಒಂದು ತುತ್ತು ಉಂಡಳು. ಕಣ್ಣಲ್ಲಿ ನೀರು ಬಂತು. "ಕಟ್ಟಿಗೆ ಖಾರ" ಎಂದಳು. "ಇವತ್ತು ಖಾರ ಜಾಸ್ತಿನೇ" ಎಂದಳು ಬುವಾಲೈ, ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ. ಇಬ್ಬರೂ ಒಂದೇ ಬುಟ್ಟಿಗೆ ಕೈ ಹಾಕಿ ಉಂಡರು.

ಅಷ್ಟರಲ್ಲಿ ಮೊಬೈಲು ಹಿಡಿದ ಒಬ್ಬ ಉದ್ದ ಕತ್ತಿನ ಫಲಾಂಗ್, ಖಾಲಿ ಜಗಲಿಯ ಮುಂದೆ ನಿಂತು ಪೆಚ್ಚಾಗಿ ಸುತ್ತ ನೋಡುತ್ತಿದ್ದ.

"ಬನ್ನಿ, ಅನ್ನ ಉಣ್ಣಿ!" ಎರಡು ಬಾಯಿಂದ ಒಂದೇ ಕೂಗು.

ಅವನು ಬೂಟು ಬಿಚ್ಚಿ ಬಂದು ಕುಳಿತ. ವಿಯೆಂಗ್ ಬಟ್ಟಲನ್ನು ಅವನತ್ತ ಸರಿಸಿದಳು, ಒಂದು ಒಳ್ಳೆಯ ದಪ್ಪ ಕಟ್ಟಿಗೆಯ ಚೂರು ಅವನ ಕಡೆಗೇ ಬರುವಂತೆ. ಆಮೇಲೆ ಬುವಾಲೈಯ ಕಿವಿಯ ಹತ್ತಿರ ಬಾಗಿದಳು.

"ಉಗೀಬೇಕು ಅಂತ ಈಗ್ಲೇ ತೋರಿಸ್ಬೇಡಿ ಅಕ್ಕ. ಸ್ವಲ್ಪ ಹೊತ್ತು ನೋಡೋಣ."