ಹಿಲ್ಡಾಳ ಡಬ್ಬಿ ನಡೆದ ದಾರಿ

ನಮ್ಮ ಪಕ್ಕದ ಮನೆಯ ಹಿಲ್ಡಾ ಮಾಗ್ರಿಜ್ ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು. ಒಂದು ಸಲವೂ ನಿಲ್ದಾಣ ತಪ್ಪಿಸಿದವಳಲ್ಲ. ಅದನ್ನು ದಿನಕ್ಕೆರಡು ಸಲ ಹೇಳದೆ ಬಿಟ್ಟವಳೂ ಅಲ್ಲ. ಅಂಥವಳ ಡಬ್ಬಿಯೇ ಕಳೆದುಹೋಯಿತು ಎಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳೇಕೆ ಹೇಳಲಿ?

ಡಬ್ಬಿ ಅಂದರೆ ಜಿಯೋಕ್ಯಾಶ್, ಒಬ್ಬರು ಅಡಗಿಸಿಟ್ಟು ಉಳಿದವರು ಹುಡುಕುವ ಆಟದ್ದು. ಊರಾಚೆಯ ಕೊಪ್ಪಿನ್ಸ್ ಬಯಲಿನಲ್ಲಿ, ಹಿಂದೆ ದಾರಿಗಳ್ಳರು ಸಾರೋಟು ನಿಲ್ಲಿಸಿ ಸುಲಿಯುತ್ತಿದ್ದ ತಿರುವಿನ ಬಳಿ, ಹದಿನಾಲ್ಕು ವರ್ಷದ ಹಿಂದೆ ಅವಳೂ ಗಂಡ ಕ್ಲೆಮ್ಮೂ ಒಂದು ಮುಳ್ಳುಪೊದೆಯ ಬುಡದಲ್ಲಿ ಅದನ್ನು ಅಡಗಿಸಿದ್ದರು. ಜಾಗದ ಗುರುತು ಆಟದ ಜಾಲತಾಣದಲ್ಲಿರುತ್ತದೆ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು, ಜಾಲತಾಣದಲ್ಲೂ ನಾಲ್ಕು ಮಾತು ಗೀಚುತ್ತಾರೆ. ವರ್ಷಕ್ಕೊಮ್ಮೆ ಡಬ್ಬಿ ನೋಡಿಕೊಂಡು ಬರುವುದು ಕ್ಲೆಮ್‌ನ ಪಾಲಿನ ಕೆಲಸ. ಅವನು ತೀರಿಕೊಂಡು ನಾಲ್ಕು ವರ್ಷವಾಯಿತು. ಆಮೇಲೆ ಹಿಲ್ಡಾಳಿಗೆ ಆ ಕಡೆ ಕಾಲೇ ಏಳಲಿಲ್ಲ.

ಈ ವಸಂತದಲ್ಲಿ ಮೂವರು ಸಾಲಾಗಿ ‘ಸಿಗಲಿಲ್ಲ’ ಎಂದು ಬರೆದರು. ಶನಿವಾರದೊಳಗೆ ಸರಿಪಡಿಸದಿದ್ದರೆ ನಿಮ್ಮ ಪುಟ ಮುಚ್ಚುತ್ತೇವೆ ಎಂದು ಆಟದ ಮೇಲ್ವಿಚಾರಕರು ತಿಳಿಸಿದರು.

“ಹೊಸ ಡಬ್ಬಿ ಇಟ್ಟು ಬಾರೇ. ಅದಕ್ಯಾಕೆ ಇಷ್ಟು ರಂಪ?” ಎಂದೆ.

“ಪರ್ಸಿ, ನಿನ್ ತಲೇಲಿ ಇರೋದು ಬರೀ ಮಣ್ಣು. ಆ ಪುಸ್ತಕದ ಮೊದಲ್ನೇ ಪುಟ ಕ್ಲೆಮ್ ಬರ್ದಿದ್ದು ಕಣೋ. ಜೀವಮಾನದಲ್ಲಿ ನಂಗೊಂದು ಕಾಗ್ದ ಬರೀಲಿಲ್ಲ ಆ ಮನುಷ್ಯ. ಅವನ ಕೈಬರಹ ಅಂತ ಇರೋದು ಅದೊಂದೇ.”

ನನ್ನ ಖುಷಿ ನೆನೆದು ನನಗೇ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಹದಿನಾಲ್ಕು ವರ್ಷದ ಜಾಲತಾಣದ ಬರಹವನ್ನೆಲ್ಲ ಮುದ್ರಿಸಿಕೊಂಡು ನನ್ನ ಅಡುಗೆಮನೆಗೇ ನುಗ್ಗಿದಳು.

“ಇಲ್ನೋಡು. ‘ಎದ್ದು ಕಾಣ್ತಿತ್ತು, ಸ್ವಲ್ಪ ಒಳಕ್ಕೆ ತಳ್ಳಿದೆ.’ ಇವನೊಬ್ಬ. ‘ಇರುವೆ ಗೂಡಿತ್ತು, ಪಕ್ಕದ ಪೊದೇಲಿಟ್ಟೆ.’ ಇವಳೊಬ್ಬಳು. ಕ್ಲೆಮ್ ಹೋದ್ಮೇಲೇ ಇಂಥವು ಹತ್ತೊಂಬತ್ತು! ಯಾರೂ ಕದ್ದಿಲ್ಲ ಕಣೋ, ಎಲ್ರೂ ಉಪಕಾರ ಮಾಡಿದಾರೆ!”

ನಮ್ಮ ಜನರ ಬುದ್ಧಿಯೇ ಅದು. ಇದ್ದಲ್ಲೇ ಇಡಿ ಎಂದರೆ ಇನ್ನಷ್ಟು ಚೆನ್ನಾಗಿ ಇಡುತ್ತಾರೆ, ಜೊತೆಗೆ ಅದನ್ನು ದೊಡ್ಡಸ್ತಿಕೆಯಿಂದ ಬರೆದೂ ಇಡುತ್ತಾರೆ.

“ಹಾಗಾದ್ರೆ ಈಗೆಲ್ಲಿದೆ?”

“ದಾರಿ ಮೇಲೆ ಓಡಾಡೋರ ಕಣ್ಣಿಗೆ ಬೀಳಬಾರ್ದಲ್ವಾ? ಪ್ರತಿಯೊಬ್ರೂ ದಾರಿಯಿಂದ ಆಚೆಗೇ ಸರ್ಸಿರ್ತಾರೆ. ಏಳು, ಬೂಟು ಹಾಕ್ಕೋ.”

ಹಳೆಯ ಪೊದೆಯಿಂದ ಹಿಡಿದು, ದಾರಿಗೆ ಬೆನ್ನು ಮಾಡಿ, ಒಂದೊಂದೇ ಪೊದೆ ಕೆದಕುತ್ತ ನಡೆದೆವು. ಮುಳ್ಳು ಚುಚ್ಚಿ ನನ್ನ ಕೈಯೆಲ್ಲ ರಕ್ತ. ಬಿಡೋಣ ಎಂದರೆ ಅವಳು ತಿರುಗಿಯೂ ನೋಡಲಿಲ್ಲ. ಮೂವತ್ತೆಂಟನೇ ಹೆಜ್ಜೆಯಲ್ಲಿ, ಒಂದು ಮರದ ಬೇರಿನ ಸಂದಿಗೆ ಕೈ ಹಾಕಿದವಳು ಹಾಗೇ ನಿಂತಳು.

“ಪರ್ಸಿ. ಸಿಕ್ತು.”

ಪುಸ್ತಕ ಒಣಗಿಯೇ ಇತ್ತು. ಮೊದಲ ಪುಟದಲ್ಲಿ ಕ್ಲೆಮ್‌ನ ಸೊಟ್ಟ ಅಕ್ಷರ: ‘ಸಿಕ್ಕಿದವರಿಗೆ ಶುಭವಾಗಲಿ. ಕ್ಲೆಮ್, ಹಿಲ್ಡಾ.’ ಅವಳು ಅದರ ಮೇಲೆ ಬೆರಳಾಡಿಸಿ ಪುಟ ತಿರುಗಿಸಿದಳು. ಅಲ್ಲೂ ಅದೇ ಸೊಟ್ಟ ಅಕ್ಷರ, ಒಂದು ವಾರದ ನಂತರದ ತಾರೀಖು.

‘ಹಿಲ್ಡಾ ಇಟ್ಟ ಜಾಗ ಊರಿಗೆಲ್ಲ ಕಾಣುತ್ತೆ. ಮೂರು ಹೆಜ್ಜೆ ಆಚೆಗಿಟ್ಟಿದ್ದೀನಿ. ಅವಳಿಗೆ ಹೇಳಬೇಡಿ.’

ಅದರ ಕೆಳಗೆ ಬೇರೆ ಬೇರೆ ಕೈಗಳಲ್ಲಿ, ಬೇರೆ ಬೇರೆ ಶಾಯಿಯಲ್ಲಿ, ಹದಿನಾಲ್ಕು ವರ್ಷದುದ್ದಕ್ಕೂ ಬಂದವರು ಬರೆದಿದ್ದರು: ‘ಹೇಳಲ್ಲ.’ ‘ನಾನೂ ಹೇಳಲ್ಲ.’ ‘ಆಣೆಗೂ ಹೇಳಲ್ಲ.’

“ಅಯ್ಯೋ ಕಳ್ಳ ಮುಂಡೇದೇ!” ಎಂದು ಹಿಲ್ಡಾ ಬಯಲಿಗೆಲ್ಲ ಕೇಳುವಂತೆ ಕೂಗಿದಳು. ನಕ್ಕಳು. ನಗುತ್ತಲೇ ಮೂಗು ಒರೆಸಿಕೊಂಡಳು.

ಹಳೆಯ ಪೊದೆಯ ಬುಡಕ್ಕೆ ವಾಪಸು ಬಂದು, ಅಲ್ಲಿಂದ ಸರಿಯಾಗಿ ಮೂರು ಹೆಜ್ಜೆ ಎಣಿಸಿ ನಿಂತಳು. ಡಬ್ಬಿ ಮುಚ್ಚುವ ಮೊದಲು ನನ್ನ ಜೇಬಿನ ಪೆನ್ನು ಕಿತ್ತುಕೊಂಡು, ಆ ಪುಟದ ಕೊನೆಯಲ್ಲಿ ಉಳಿದಿದ್ದ ಬೆರಳಗಲ ಜಾಗದಲ್ಲಿ ಬರೆದಳು: ‘ಗೊತ್ತಾಯ್ತು. ಹಿಲ್ಡಾ.’