ಕಿವಿಗೆ ಹಿಡಿದ ಫೋನು

ಆ ಬೆಳಿಗ್ಗೆ ಐದಕ್ಕೇ ಎದ್ದು ಚಪಾತಿ ಲಟ್ಟಿಸಿ, ಹಾಲು ಕಾಯಿಸಿ, ಯಜಮಾನರ ಅಂಗಿಗೆ ಕಿತ್ತುಹೋಗಿದ್ದ ಗುಂಡಿ ಹಾಕಿದೆ. ಸೊರಬದಲ್ಲಿ ನಾದಿನಿಯ ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಎಂಟಕ್ಕೆ ಶಿಕಾರಿಪುರದಿಂದ ಬೈಕಿನಲ್ಲಿ ಹೊರಟೆವು.

ಊರು ದಾಟುತ್ತಲೇ ಅವರ ಜೇಬಿನಲ್ಲಿ ಫೋನು ರಿಂಗಾಯಿತು. ಬೈಕ್ ಓಡಿಸುವಾಗ ಅವರು ಫೋನು ಮುಟ್ಟಬಾರದೆಂಬುದು ನನ್ನದೇ ಕಟ್ಟುನಿಟ್ಟು. ಹಾಗಾಗಿ ಎಂದಿನಂತೆ ನಾನೇ ಹಿಂದಿನಿಂದ ಕೈ ಚಾಚಿ, ಫೋನು ತೆಗೆದು ಅವರ ಕಿವಿಗೆ ಹಿಡಿದೆ. ಹೆಲ್ಮೆಟ್ ಟ್ಯಾಂಕಿನ ಮೇಲಿತ್ತು. ಎರಡೂ ಕೈ ಹ್ಯಾಂಡಲಿನ ಮೇಲಿದ್ದವಲ್ಲ, ಇದರಲ್ಲಿ ತಪ್ಪಿದೆಯೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ನಾದಿನಿ ಬಾಳೆಎಲೆ ಕಡಿಮೆ ಬಿದ್ದಿದೆ ಎನ್ನುತ್ತಿದ್ದಳು. ಎಷ್ಟು ತರಬೇಕೆಂದು ಇವರು ನಗುತ್ತಾ ಚೌಕಾಸಿ ಮಾಡುತ್ತಿದ್ದರು. ತಿರುವಿನಲ್ಲಿ ಕುರಿಗಳು ರಸ್ತೆ ದಾಟುತ್ತಿದ್ದವಂತೆ. ನಾನು ನೋಡುತ್ತಿದ್ದದ್ದು ಇವರ ಕಿವಿಯನ್ನು. ನನ್ನ ಬಳೆ ಒತ್ತಿ ಅಲ್ಲಿ ಕೆಂಪು ಗೆರೆ ಮೂಡಿತ್ತು.

ಕುರಿಗಳ ಹಿಂದೆ ಬರುತ್ತಿದ್ದ ಅಜ್ಜಿಗೆ ಬೈಕು ಬಡಿಯಿತು. ನಮಗೆ ತರಚಿತಷ್ಟೇ. ಆಕೆಯ ಮೊಣಕಾಲ ಕೆಳಗೆ ಎಲುಬು ಹೊರಬಂದಿತ್ತು. ಆಟೋದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು, ಕುರಿ ಯಾರು ನೋಡ್ಕೊಳ್ತಾರೆ ಎಂದು ಕೇಳುತ್ತಲೇ ಇದ್ದಳು.

ಶಿಕಾರಿಪುರದ ಆಸ್ಪತ್ರೆಯಲ್ಲಿ, ಕಾಲು ಉಳಿಯುವುದು ಕಷ್ಟ, ಶಿವಮೊಗ್ಗಕ್ಕೆ ಒಯ್ಯಿರಿ ಎಂದರು. ಅಜ್ಜಿಯ ಮಗ ಆಂಬುಲೆನ್ಸಿಗೆ ಕಾಯುತ್ತಾ ಬಾಗಿಲಲ್ಲಿ ನಿಂತಿದ್ದ. ಅಪಘಾತಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಫಾರಂ ಹಿಡಿದು ನಮ್ಮ ಹತ್ತಿರ ಬಂದಳು. ಯಾವ ವಾಹನ, ಬೈಕೋ, ಟ್ರ್ಯಾಕ್ಟರೋ, ಲಾರಿಯೋ? ಓಡಿಸುತ್ತಿದ್ದವರ ಕೈಯಲ್ಲಿ ಫೋನಿತ್ತೇ?

"ಇಲ್ಲಮ್ಮ. ಎರಡೂ ಕೈ ಹ್ಯಾಂಡಲ್ ಮೇಲೇ ಇದ್ವು. ಅಜ್ಜಿನೇ ಅಡ್ಡ ಬಂದ್ಲು," ಎಂದರು ಯಜಮಾನರು.

ಹುಡುಗಿ 'ಇಲ್ಲ' ಎಂಬಲ್ಲಿ ಗುರುತು ಹಾಕಿದಳು. ಅಜ್ಜಿಯ ಮಗ ತಲೆ ತಗ್ಗಿಸಿದ, ತಪ್ಪು ತನ್ನ ತಾಯಿಯದೇ ಎಂಬಂತೆ. ನನಗೆ ಕೂರಲಾಗಲಿಲ್ಲ.

"ಫೋನ್ ನಾನ್ ಹಿಡ್ದಿದ್ದೆ ಕಣಮ್ಮಾ, ಅವ್ರ ಕಿವಿಗೆ. ಅಜ್ಜಿ ಅಡ್ಡ ಬರ್ಲಿಲ್ಲ. ನಾವೇ ನೋಡ್ಲಿಲ್ಲ."

ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹುಡುಗಿ ಅಂಚಿನಲ್ಲಿ ಸಣ್ಣಗೆ ಬರೆದುಕೊಂಡಳು. ಆಮೇಲೆ ಬಂದ ಪೊಲೀಸರಿಗೂ ನಾನು ಅದನ್ನೇ ಹೇಳಿದೆ. ಅಜ್ಜಿಯ ಮಗ ನನ್ನನ್ನೊಮ್ಮೆ ನೋಡಿ, ತಾಯಿಯೊಂದಿಗೆ ಆಂಬುಲೆನ್ಸ್ ಹತ್ತಿದ.

ಸಂಜೆ ಶಿವಮೊಗ್ಗದಿಂದ ಸುದ್ದಿ ಬಂತು. ಕಾಲು ತೆಗೆದಿದ್ದರು. ಪಕ್ಕದ ಮನೆಯಾಕೆ ನಮ್ಮ ಕಟ್ಟೆಯ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಾ ಎಲ್ಲ ಕೇಳಿಸಿಕೊಂಡರು.

"ನೀವ್ಯಾಕ್ ಹೇಳಕ್ ಹೋದ್ರಿ? ಅದ್ರಲ್ಲೇನಿದೆ ರೀ, ನಮ್ಮನೆಯವ್ರಿಗೂ ನಾನೇ ಹಿಡಿಯೋದು," ಎಂದರು. "ನಾಳೆ ಬೈಕಲ್ಲಿ ಜಡೆ ಊರಿಗೆ ಹೋಗ್ಬೇಕು, ದಾರಿಯುದ್ದಕ್ಕೂ ಅವ್ರಿಗೆ ಒಂದೇ ಸಮ ಫೋನು."